ಎರಡನೆಯ ಅಕ್ಷರಾಭ್ಯಾಸ

ನಮಗೆ ಮೊದಲನೆಯ ಅಕ್ಷರಾಭ್ಯಾಸವಾದದ್ದು ಮಠದ ಪಡಸಾಲೆಯಲ್ಲಿ, ಹಲಗೆಯ ಮೇಲೆ ಹರಡಿದ ಮರಳಿನಲ್ಲಿ. ಅಂದು ನಮ್ಮ ಬೆರಳು ಹಿಡಿದು ತಿದ್ದಿಸಿದವರು ಪೂಜ್ಯ ಗುರುಗಳು. ಎರಡನೆಯ ಅಕ್ಷರಾಭ್ಯಾಸವಾದದ್ದು 2022ರಲ್ಲಿ, ನಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಮನೆಯ ಊಟದ ಮೇಜಿನ ಮೇಲೆ ಇರಿಸಿದ ಗಣಕಯಂತ್ರದ ಮುಂದೆ. ಈ ಸಲ ತಿದ್ದಿಸಿದವಳು ನಮ್ಮ ಅಕ್ಕನ ಮೊಮ್ಮಗಳು, ಡಿಪ್ಲೊಮಾ ಓದುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗಿ.

ಕಲಿತ ವಿದ್ಯೆಯನ್ನು ಮೆರೆಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿಲ್ಲ. ಕಲಿತದ್ದು ಅತ್ಯಲ್ಪ, ಇಂದಿನ ಎಂಟನೆಯ ತರಗತಿಯ ಮಕ್ಕಳಲ್ಲಿ ಅನೇಕರು ನಮಗಿಂತ ಹೆಚ್ಚು ಬಲ್ಲರು. ಆದರೆ ಕಲಿಯಬೇಕಾದ ಪ್ರಸಂಗ ಏಕೆ ಬಂದಿತು, ಕಲಿಯುವಾಗ ಏನೇನು ತೊಡಕುಗಳಾದವು, ಅವು ಹೇಗೆ ಪರಿಹಾರವಾದವು ಎಂಬುದನ್ನು ತಿಳಿಸಿದರೆ, ನಮ್ಮಂತೆಯೇ ‘ಇನ್ನು ಈ ವಯಸ್ಸಿನಲ್ಲಿ ನಮಗೇತಕ್ಕೆ’ ಎಂದು ಕೈಕಟ್ಟಿ ಕುಳಿತ ಹಿರಿಯರಿಗೂ, ಅವರಿಗೆ ಕಲಿಸಬೇಕಾದ ಕಿರಿಯರಿಗೂ ಪ್ರಯೋಜನವಾದೀತೆಂಬ ನಂಬಿಕೆಯಿಂದ ಲೇಖನಿ ಹಿಡಿದಿದ್ದೇವೆ.

ಗುರುಗಳ ಪದಕೋಶ

ನಮ್ಮ ಗುರುಗಳು ವ್ಯಾಕರಣಶಾಸ್ತ್ರದಲ್ಲಿ ಪಾರಂಗತರಾಗಿದ್ದರೂ ಒಕ್ಕಲು ಮನೆತನದಿಂದ ಬಂದವರು. ರಂಟೆ, ಕುಂಟೆ, ಕೂರಿಗೆ, ಎಡೆಕುಂಟೆ, ಮಿಣಿ, ಮೇಟಿ ಮುಂತಾದ ಒಕ್ಕಲುತನದ ಮಾತುಗಳು ಟ್ರಾಕ್ಟರು ಬಂದೊಡನೆ ಒಂದೊಂದಾಗಿ ಮರೆಯಾಗುತ್ತಿರುವುದನ್ನು ಕಂಡು ಅವರು ವ್ಯಥೆಪಟ್ಟರು. ಇಪ್ಪತ್ತು ವರ್ಷಗಳ ಕಾಲ ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ, ಚೀಟಿಗಳ ಮೇಲೆ ಪದ, ಅರ್ಥ, ಅದನ್ನಾಡುವ ಊರು ಇವನ್ನು ಬರೆದಿಟ್ಟರು. ಒಟ್ಟು ಪದಗಳು ನಾಲ್ಕು ಸಾವಿರಕ್ಕೆ ಸಮೀಪಿಸಿದ್ದವು.

2003ರಲ್ಲಿ ಆ ಚೀಟಿಗಳನ್ನು ಪಟ್ಟಣದ ಒಂದು ಟೈಪಿಂಗ್ ಕೇಂದ್ರಕ್ಕೆ ಒಯ್ದುಕೊಟ್ಟವರು ನಾವೇ. ಆರು ತಿಂಗಳ ಮೇಲೆ ಅವರು ಒಂದು ಸಿ.ಡಿ.ಯನ್ನು ಕೊಟ್ಟರು. ಮುದ್ರಣಕ್ಕೆ ಹಣ ಕೂಡಿಬರಲಿಲ್ಲ. 2009ರಲ್ಲಿ ಗುರುಗಳು ಲಿಂಗೈಕ್ಯರಾದರು. ಚೀಟಿಗಳ ಪೆಟ್ಟಿಗೆಗೆ ಗೆದ್ದಲು ಹತ್ತಿದ್ದು ನಮಗೆ ಗೊತ್ತಾಗುವಷ್ಟರಲ್ಲಿ ಅದು ಮಣ್ಣಾಗಿತ್ತು. ಆದರೂ ಸಿ.ಡಿ. ಇದೆಯಲ್ಲ ಎಂದು ನಾವು ನಿಶ್ಚಿಂತರಾಗಿದ್ದೆವು.

2022ರಲ್ಲಿ ಊರಿನ ಕೆಲವು ಉದಾರಿಗಳು ಮುದ್ರಣಕ್ಕೆ ಮುಂದೆ ಬಂದಾಗ ಆ ಸಿ.ಡಿ.ಯನ್ನು ಹೊರತೆಗೆದೆವು. ಇಂದಿನ ಗಣಕಗಳಲ್ಲಿ ಸಿ.ಡಿ. ಹಾಕುವ ಕಿಂಡಿಯೇ ಇಲ್ಲ. ಹುಡುಗಿ ಯಾರಿಂದಲೋ ಒಂದು ಪ್ರತ್ಯೇಕ ಸಾಧನವನ್ನು ಎರವಲು ತಂದಳು. ಅಕ್ಷರಕ್ಕೊಂದರಂತೆ ಕಡತಗಳು ಪರದೆಯ ಮೇಲೆ ಸಾಲಾಗಿ ನಿಂತವು. ಒಂದು ಕಡತ ಮಾತ್ರ ತೆರೆಯಲಿಲ್ಲ. ಅದರ ಮಾತನ್ನು ಕೊನೆಯಲ್ಲಿ ಹೇಳುತ್ತೇವೆ. ತೆರೆದ ಕಡತಗಳಲ್ಲಿಯಾದರೋ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷಿನ ಪಿ ಅಕ್ಷರ, ಅದರ ಬೆನ್ನಿಗೆ ನೆತ್ತಿಯ ಮೇಲೆ ಗೀಟುಳ್ಳ ಎ ಅಕ್ಷರ, ಮುಂದೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ, ಹೀಗೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳು. ಟೈಪಿಂಗ್ ಕೇಂದ್ರ ಎಂದೋ ಮುಚ್ಚಿಹೋಗಿತ್ತು. ಆ ಹೊತ್ತಿನಲ್ಲಿ ನಮಗಾದ ಕಳವಳವನ್ನು ವರ್ಣಿಸಲಾರೆವು. ಗುರುಗಳ ಇಪ್ಪತ್ತು ವರ್ಷಗಳ ಶ್ರಮ ನಮ್ಮ ಕೈಯಲ್ಲಿಯೇ ಇತ್ತು, ಆದರೆ ಅದನ್ನು ಓದಲು ನಮಗೆ ಬರುತ್ತಿರಲಿಲ್ಲ. ನಿರಕ್ಷರಿಯ ಸಂಕಟವೇನೆಂಬುದು ಜೀವಮಾನವೆಲ್ಲ ಅಕ್ಷರವನ್ನೇ ನಂಬಿ ಬದುಕಿದ ನಮಗೆ ಅಂದು ಗೊತ್ತಾಯಿತು.

ಹುಡುಗಿ ಧೈರ್ಯ ಹೇಳಿದಳು. “ಅಜ್ಜ, ಇದು ಹಾಳಾಗಿಲ್ಲ. ಹಳೆಯ ಅಕ್ಷರಗಳನ್ನು ಹೊಸದಕ್ಕೆ ತಿರುಗಿಸುವ ಉಚಿತ ಸಾಧನಗಳಿವೆ. ನನಗೆ ಕೊಟ್ಟರೆ ನಾಳೆಯೇ ಮಾಡಿಕೊಡುತ್ತೇನೆ. ನೀವೇ ಮಾಡಬೇಕೆಂದರೆ ಕಲಿಯಬೇಕು, ಮೂರು ತಿಂಗಳಾದರೂ ಬೇಕು” ಎಂದಳು.

ಒಮ್ಮೆ ಪರರ ಕೈಗೆ ಕೊಟ್ಟು, ಅದರಲ್ಲೇನಾಯಿತೆಂದು ತಿಳಿಯದೆಯೇ ಹತ್ತೊಂಬತ್ತು ವರ್ಷ ನಿಶ್ಚಿಂತರಾಗಿದ್ದ ಫಲವನ್ನು ಕಣ್ಣೆದುರು ಕಂಡಿದ್ದೆವು. ಆದುದರಿಂದ ಕಲಿಯುತ್ತೇವೆ ಎಂದೆವು.

ಮೊದಲ ಪಾಠಗಳು

ಮೊದಲ ಹದಿನೈದು ದಿನ ಗುರುಗಳ ಪದಕೋಶವನ್ನು ಮುಟ್ಟಲು ಹುಡುಗಿ ಬಿಡಲಿಲ್ಲ. ಮೌಸ್ ಹಿಡಿಯುವುದು, ಕಡತಕ್ಕೆ ಹೆಸರಿಡುವುದು, ಅದನ್ನು ಒಂದು ಕೋಶದೊಳಗೆ ಇರಿಸಿ ಮರುದಿನ ಹುಡುಕಿ ತೆಗೆಯುವುದು, ಇಷ್ಟೇ ಪಾಠ. ಇಟ್ಟ ವಸ್ತುವನ್ನು ಹುಡುಕಿ ತೆಗೆಯುವುದೇ ನಮಗೆ ಎಲ್ಲಕ್ಕಿಂತ ಕಠಿಣವಾಯಿತು. ಕೊನೆಗೆ ಮಠದ ಗ್ರಂಥಭಾಂಡಾರವನ್ನು ನೆನಪಿಗೆ ತಂದುಕೊಂಡೆವು. ಅಲ್ಲಿ ಕಪಾಟು, ಕಪಾಟಿನಲ್ಲಿ ಖಾನೆ, ಖಾನೆಯಲ್ಲಿ ಕಟ್ಟು, ಕಟ್ಟಿನಲ್ಲಿ ಓಲೆ ಇರುವಂತೆಯೇ ಇಲ್ಲಿಯೂ ಕೋಶದೊಳಗೆ ಕೋಶ, ಅದರೊಳಗೆ ಕಡತ. ಕಟ್ಟಿಗೆ ಹೆಸರಿನ ಚೀಟಿ ಅಂಟಿಸದಿದ್ದರೆ ಅಲ್ಲಿ ಹೇಗೆ ಗ್ರಂಥ ಸಿಕ್ಕುವುದಿಲ್ಲವೋ ಇಲ್ಲಿಯೂ ಹಾಗೆಯೇ.

ಅನಂತರ ಕೀಲಿಮಣೆ. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಸುಲಭವಾಗಿ ಮೂಡಿಸುವ ವಿನ್ಯಾಸವನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್ ಅವರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಕೀಲಿಮಣೆಗೂ ಅದೇ ತಳಹದಿ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂದಿತು. ಇಂಥವರ ಶ್ರಮದಿಂದಾಗಿ ಕನ್ನಡಿಗರು ತಮ್ಮ ಭಾಷೆಯಲ್ಲಿಯೇ ಗಣಕವನ್ನು ಬಳಸುವಂತಾಯಿತೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಈ ವಿನ್ಯಾಸದಲ್ಲಿ ಎಫ್ ಎಂಬ ಕೀಲಿಯೇ ಒತ್ತಕ್ಷರದ ಕೊಂಡಿ. ‘ಕನ್ನಡ’ ಎಂದು ಬರೆಯಲು ಕ, ನ, ಬಳಿಕ ಎಫ್ ಕೀಲಿ, ಮತ್ತೆ ನ, ಕೊನೆಗೆ ಡ ಎಂದು ಐದು ಸಲ ಒತ್ತಬೇಕು. ನ ಅಕ್ಷರದಲ್ಲಿ ಸಹಜವಾಗಿರುವ ಅಕಾರವನ್ನು ಆ ಕೀಲಿ ತೆಗೆದುಹಾಕುತ್ತದೆ, ಮುಂದಿನ ನಕಾರ ಅದಕ್ಕೆ ಒತ್ತಾಗಿ ಕೂಡುತ್ತದೆ. ವ್ಯಂಜನ, ಸ್ವರ, ಸಂಯುಕ್ತಾಕ್ಷರಗಳ ವಿಚಾರವನ್ನು ಬಾಲ್ಯದಲ್ಲಿಯೇ ಕಲಿತಿದ್ದ ನಮಗೆ ಇದು ಮಾತ್ರ ಒಂದೇ ದಿನದಲ್ಲಿ ಮನವರಿಕೆಯಾಯಿತು. ಬೆರಳುಗಳು ಒಗ್ಗುವುದಕ್ಕೆ ತಿಂಗಳು ಹಿಡಿಯಿತೆಂಬುದು ಬೇರೆ ಮಾತು.

ಅಕ್ಷರವೆಂದರೆ ಸಂಖ್ಯೆ

ಇನ್ನು ಗುರುಗಳ ಕಡತಗಳು ಹಾಗೇಕೆ ಕಾಣುತ್ತಿದ್ದವೆಂಬ ಪ್ರಶ್ನೆ. ಗಣಕಕ್ಕೆ ಅಕ್ಷರವೆಂಬುದು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬುದನ್ನು ಮನುಷ್ಯರೇ ಒಪ್ಪಂದ ಮಾಡಿಕೊಂಡಿರಬೇಕು. ಹಿಂದೆ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ 256 ಸ್ಥಾನಗಳೊಳಗೆ ಒಂದು ಸ್ಥಾನ ದೊರೆಯುತ್ತಿತ್ತು. ಅವುಗಳಲ್ಲಿ ಇಂಗ್ಲಿಷು ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳು ಆಗಲೇ ನೆಲೆಸಿದ್ದವು. ಕನ್ನಡಕ್ಕೆ ಪ್ರತ್ಯೇಕ ಜಾಗವಿಲ್ಲದಿದ್ದುದರಿಂದ ಅಂದಿನ ತಂತ್ರಜ್ಞರು ಒಂದು ಉಪಾಯ ಮಾಡಿದರು. ಕನ್ನಡ ಅಕ್ಷರಗಳನ್ನು ತುಂಡುಗಳನ್ನಾಗಿ ವಿಂಗಡಿಸಿ, ಒಂದೊಂದು ತುಂಡಿನ ಚಿತ್ರವನ್ನು ಒಂದೊಂದು ಐರೋಪ್ಯ ಅಕ್ಷರದ ಸ್ಥಾನದಲ್ಲಿ ಕೂಡಿಸಿದರು. ಕಕಾರದ ಒಡಲು ಪಿ ಅಕ್ಷರದ ಮನೆಯಲ್ಲಿ, ತಲೆಕಟ್ಟು ಗೀಟುಳ್ಳ ಎ ಅಕ್ಷರದ ಮನೆಯಲ್ಲಿ, ನಕಾರದ ಒಡಲು ಪೌಂಡ್ ಚಿಹ್ನೆಯ ಮನೆಯಲ್ಲಿ. ಹೀಗೆ ‘ಕನ್ನಡ’ ಎಂಬ ಪದಕ್ಕೆ ಏಳು ತುಂಡುಗಳು ಬೇಕಾಗುತ್ತಿದ್ದವು. ಆ ಅಕ್ಷರರೂಪದ ಕಡತ, ಅಂದರೆ ಫಾಂಟ್, ಗಣಕದಲ್ಲಿದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಅದು ಇಲ್ಲದ ಗಣಕದಲ್ಲಿ ಮನೆಯ ಮೂಲ ಒಡೆಯರಾದ ಪಿ ಮತ್ತು ಎ ಅಕ್ಷರಗಳೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕಾಲಧರ್ಮಕ್ಕೆ ತಕ್ಕ ಉಪಾಯವಿದು, ಇದರಿಂದ ಸಾವಿರಾರು ಕನ್ನಡ ಪುಸ್ತಕಗಳು ಅಚ್ಚಾದವು. ಅದನ್ನು ಹಳಿಯುವುದು ಸಲ್ಲ. ಆದರೆ ಹಳೆಯ ಫಾಂಟನ್ನು ಹುಡುಕಿ ತಂದು ಹಾಕಿಕೊಂಡರೂ ಆಗುವುದು ಕಣ್ಣಿಗೆ ಸಮಾಧಾನ ಮಾತ್ರ. ಒಳಗಿರುವುದು ಐರೋಪ್ಯ ಅಕ್ಷರಗಳೇ ಆದುದರಿಂದ ಪದವನ್ನು ಹುಡುಕಲಾಗಲಿ, ಅಕಾರಾದಿಯಾಗಿ ಜೋಡಿಸಲಾಗಲಿ, ಇನ್ನೊಬ್ಬರ ಗಣಕಕ್ಕೆ ನಂಬಿಕೆಯಿಂದ ಕಳುಹಿಸಲಾಗಲಿ ಬಾರದು.

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸ್ಥಾನಗಳನ್ನು ಕೊಡುವ ಈ ಒಪ್ಪಂದದ ಮೊದಲ ಆವೃತ್ತಿ 1991ರಲ್ಲಿ ಬಂದಿತು, ಅದರಲ್ಲಿಯೇ ಕನ್ನಡಕ್ಕೂ ಜಾಗ ದೊರೆಯಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವು. ಅಕಾರದ ಸಂಖ್ಯೆ 3205, ಕಕಾರದ್ದು 3221, ನಕಾರದ್ದು 3240, ಒತ್ತಿನ ಕೊಂಡಿಯದು 3277, ಡಕಾರದ್ದು 3233. ಆದುದರಿಂದ ‘ಕನ್ನಡ’ ಎಂದರೆ ಇಂದಿನ ಗಣಕಕ್ಕೆ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಕಣ್ಣಿಗೆ ಮೂರು ಅಕ್ಷರ, ಹಳೆಯ ಫಾಂಟಿಗೆ ಏಳು ತುಂಡು, ಯೂನಿಕೋಡಿಗೆ ಐದು ಸಂಖ್ಯೆ. ಏಳನ್ನು ಐದು ಮಾಡುವುದೇ ನಮ್ಮ ಮುಂದಿದ್ದ ಕೆಲಸ. ಅದನ್ನು ನಾಲ್ಕು ಸಾವಿರ ಪದಗಳಿಗೂ ಅವುಗಳ ಅರ್ಥವಿವರಣೆಗೂ ಕೈಯಿಂದ ಮಾಡುವುದು ಅಸಾಧ್ಯ. ಗಣಕಕ್ಕೇ ಹೇಳಿ ಮಾಡಿಸಬೇಕು.

ಆದೇಶ ಬರೆಯುವ ವಿದ್ಯೆ

ಗಣಕಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಸಾಲುಸಾಲಾಗಿ ಬರೆದುಕೊಡುವ ಆದೇಶಮಾಲೆಗೆ ಪ್ರೋಗ್ರಾಮ್ ಎಂದು ಹೆಸರು. ಕನ್ನಡದಲ್ಲಿ ಕ್ರಮವಿಧಿ ಎನ್ನುತ್ತಾರೆ. ಅದನ್ನು ಬರೆಯುವ ಭಾಷೆಗಳು ಅನೇಕವಿದ್ದು, ಹುಡುಗಿ ನಮಗಾಗಿ ಆರಿಸಿದ್ದು ಪೈಥಾನ್. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬ ವಿದ್ವಾಂಸರು ಇದನ್ನು 1991ರಲ್ಲಿ ಹೊರತಂದರು. ಹೆಸರು ಕೇಳಿ ಹೆಬ್ಬಾವೆಂದು ನಾವು ತಿಳಿದಿದ್ದೆವು. ಒಂದು ಹಾಸ್ಯ ನಾಟಕ ತಂಡದ ಹೆಸರಿನಿಂದ ಬಂದುದಂತೆ. ಉಚಿತವಾಗಿ ದೊರೆಯುತ್ತದೆ. ಇದರ ಸ್ವಂತ ಮೀಸಲು ಪದಗಳು ಮೂವತ್ತೈದರಷ್ಟು ಮಾತ್ರ. ಅವು ಇಂಗ್ಲಿಷಿನವಾದರೂ ನಾವು ಇಡುವ ಹೆಸರುಗಳು ಕನ್ನಡದಲ್ಲಿರಬಹುದು. ‘ಪದ’, ‘ಅರ್ಥ’ ಎಂದೇ ನಾವು ಹೆಸರಿಟ್ಟುಕೊಂಡೆವು.

ಮೊದಲ ದಿನ ಕಲಿತದ್ದು ಪ್ರಿಂಟ್ ಎಂಬ ಒಂದೇ ಆದೇಶ. ಆ ಪದವನ್ನು ಬರೆದು, ಆವರಣದೊಳಗೆ ಉದ್ಧರಣ ಚಿಹ್ನೆಗಳ ನಡುವೆ ಗುರುಗಳ ಹೆಸರನ್ನು ಇಟ್ಟರೆ, ಅದನ್ನು ಗಣಕ ಪರದೆಯ ಮೇಲೆ ತೋರಿಸಬೇಕು. ತೋರಿಸಲಿಲ್ಲ, ಕೆಂಪು ಅಕ್ಷರಗಳಲ್ಲಿ ತಪ್ಪೆಂದಿತು. ಮತ್ತೆ ಮತ್ತೆ ನೋಡಿದರೂ ನಮ್ಮ ಕಣ್ಣಿಗೆ ತಪ್ಪು ಕಾಣಲಿಲ್ಲ. ಮುದ್ರಿತ ಪುಸ್ತಕಗಳಲ್ಲಿರುವಂತಹ ಬಾಗಿದ ಉದ್ಧರಣ ಚಿಹ್ನೆಯನ್ನು ಬೇರೊಂದು ಲೇಖನದಿಂದ ನಕಲು ಮಾಡಿ ತಂದಿದ್ದೆವು. ಯಂತ್ರಕ್ಕೆ ಬೇಕಾದದ್ದು ನೆಟ್ಟಗಿನ ಚಿಹ್ನೆ. ಮನುಷ್ಯರಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆಬೇರೆ ಸಂಖ್ಯೆ. ತಪ್ಪು ಎಷ್ಟನೆಯ ಸಾಲಿನಲ್ಲಿದೆಯೆಂದು ಆ ಕೆಂಪು ಬರವಣಿಗೆಯೇ ಹೇಳಿತ್ತು. ಹೆದರಿ ನಾವು ಅದನ್ನು ಓದಿರಲಿಲ್ಲ ಅಷ್ಟೆ. ಕೆಂಪು ಅಕ್ಷರ ಬೈಗುಳವಲ್ಲ, ಅದು ತಿದ್ದುಪಡಿ ಎಂಬುದನ್ನು ಅಂದಿನಿಂದ ಮನಸ್ಸಿಗೆ ತಂದುಕೊಂಡೆವು.

ಇಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಮೂವತ್ತು ವರ್ಷ ಪಾಠ ಹೇಳಿದ ನಾವು, ಎರಡನೆಯ ಸಲ ತಪ್ಪಿದ ವಿದ್ಯಾರ್ಥಿಯ ಮೇಲೆ ಸಿಡಿದೆದ್ದವರು. ಒಂದೇ ತಪ್ಪನ್ನು ಹನ್ನೊಂದನೆಯ ಸಲ ಮಾಡಿದಾಗಲೂ ಗಣಕ ಮೊದಲನೆಯ ಸಲ ಹೇಳಿದ ಧ್ವನಿಯಲ್ಲಿಯೇ ಹೇಳಿತು, ಹುಡುಗಿಯೂ ಹಾಗೆಯೇ ಹೇಳಿದಳು. ನಮ್ಮಿಂದ ಬೈಸಿಕೊಂಡು ಪಾಠ ಬಿಟ್ಟುಹೋದ ಕೆಲವು ಮುಖಗಳು ಆ ರಾತ್ರಿ ನೆನಪಿಗೆ ಬಂದವು.

ಮುಂದಿನ ಪಾಠಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಒಂದು ಬೆಲೆಗೆ ಹೆಸರಿಟ್ಟು ಕಾಪಾಡುವುದು ಮೊದಲನೆಯದು. ಗಡಿಗೆಗೆ ಚೀಟಿ ಅಂಟಿಸಿ ಕಾಳು ತುಂಬಿದಂತೆ. ಅನೇಕ ಬೆಲೆಗಳನ್ನು ಸಾಲಾಗಿ ಇಡುವುದು ಪಟ್ಟಿ. ಪಟ್ಟಿಯ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಮೊದಲಾಗುತ್ತದೆ. ಇದು ಒಗ್ಗುವುದಕ್ಕೆ ನಮಗೆ ಬಹಳ ದಿನ ಬೇಕಾಯಿತು. ‘ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು’ ಎಂಬುದು ಷರತ್ತು. ‘ಪ್ರತಿಯೊಂದು ಸಾಲಿಗೂ ಇದನ್ನೇ ಮಾಡು’ ಎಂಬುದು ಆವರ್ತನೆ. ಯಾವ ಯಾವ ಆದೇಶಗಳು ಆವರ್ತನೆಯೊಳಗೆ ಸೇರುತ್ತವೆಂಬುದನ್ನು ಎಡಗಡೆಯಲ್ಲಿ ನಾಲ್ಕು ಅಕ್ಷರದಷ್ಟು ಜಾಗ ಬಿಟ್ಟು ತೋರಿಸಬೇಕು. ಜಾಗ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಇವೆಲ್ಲಕ್ಕಿಂತ ನಮಗೆ ಪ್ರಿಯವಾದದ್ದು ನಿಘಂಟು. ಪೈಥಾನಿನಲ್ಲಿ ಆ ಹೆಸರಿನ ಒಂದು ರಚನೆಯೇ ಇದೆ. ಎಡಗಡೆ ಒಂದು ಪದ, ಬಲಗಡೆ ಅದರ ಬೆಲೆ. ಎಡದ್ದನ್ನು ಕೊಟ್ಟರೆ ಬಲದ್ದು ದೊರೆಯುತ್ತದೆ. ಹಳೆಯ ತುಂಡುಗಳನ್ನು ಎಡಗಡೆಯಲ್ಲಿ, ಯೂನಿಕೋಡ್ ಕನ್ನಡವನ್ನು ಬಲಗಡೆಯಲ್ಲಿ ಬರೆದು ಇನ್ನೂರಕ್ಕೂ ಹೆಚ್ಚು ಸಾಲುಗಳ ಒಂದು ನಿಘಂಟನ್ನು ನಾವೇ ಸಿದ್ಧಪಡಿಸಿದೆವು. ಅದಕ್ಕೆ ಐದು ವಾರ ಹಿಡಿಯಿತು.

ವಿಶೇಷ ವಿಧಿ, ಸಾಮಾನ್ಯ ವಿಧಿ

ಎಲ್ಲವೂ ಸಿದ್ಧವಾಯಿತೆಂದು ಕ್ರಮವಿಧಿಯನ್ನು ಓಡಿಸಿದಾಗ, ಪರದೆಯ ಮೇಲೆ ಮೊದಲ ಬಾರಿಗೆ ಕನ್ನಡ ಮೂಡಿತು. ಆನಂದಪಡುವಷ್ಟರಲ್ಲಿ ‘ಮಳೆ’ ಎಂಬ ಪದ ‘ವುಳೆ’ ಎಂದೂ, ‘ಮನೆ’ ಎಂಬುದು ‘ವುನೆ’ ಎಂದೂ ಬಂದಿರುವುದು ಕಂಡಿತು. ಪದಕೋಶದ ಮಕಾರವೆಲ್ಲ ವುಕಾರವಾಗಿತ್ತು.

ಕಾರಣವನ್ನು ಹುಡುಕಲು ಎರಡು ದಿನ ಹಿಡಿಯಿತು. ಕನ್ನಡ ಲಿಪಿಯಲ್ಲಿ ಮಕಾರದ ರೂಪವನ್ನು ಗಮನಿಸಿ ನೋಡಿರಿ, ಅದು ವಕಾರಕ್ಕೆ ಕೊಂಬು ಹಚ್ಚಿದಂತೆಯೇ ಇದೆ. ಹಳೆಯ ಫಾಂಟನ್ನು ರೂಪಿಸಿದವರು ಜಾಗ ಉಳಿಸಲೆಂದು ವಕಾರದ ತುಂಡುಗಳಿಗೆ ಕೊಂಬಿನ ತುಂಡನ್ನು ಸೇರಿಸಿಯೇ ಮಕಾರ ಮಾಡಿದ್ದರು. ನಮ್ಮ ನಿಘಂಟಿನಲ್ಲಿ ವಕಾರದ ಸಾಲು ಮೊದಲು ಬಂದಿದ್ದರಿಂದ ಗಣಕ ಕಂಡಕಂಡಲ್ಲೆಲ್ಲ ಮೊದಲು ವಕಾರವನ್ನು ಮಾಡಿ ಮುಗಿಸುತ್ತಿತ್ತು. ಬಳಿಕ ಉಳಿದ ಕೊಂಬು ಅದಕ್ಕೆ ಅಂಟಿ ವುಕಾರವಾಗುತ್ತಿತ್ತು.

ಇದು ತಿಳಿದೊಡನೆ ನಮಗೆ ನಗು ಬಂದಿತು. ಸಾಮಾನ್ಯ ವಿಧಿ, ವಿಶೇಷ ವಿಧಿ ಎರಡೂ ಒಂದೇ ಕಡೆ ಪ್ರಾಪ್ತವಾದಾಗ ವಿಶೇಷ ವಿಧಿಯೇ ಪ್ರಬಲವೆಂದು ಪಾಣಿನೀಯ ವ್ಯಾಕರಣವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿತಿರುತ್ತಾನೆ. ನಾವು ಅದನ್ನು ಮೂವತ್ತು ವರ್ಷ ಕಲಿಸಿದ್ದೆವು, ಆಚರಿಸಲು ಮಾತ್ರ ಮರೆತಿದ್ದೆವು. ಉದ್ದನೆಯ ತುಂಡುಗಳ ಸಾಲು ಮೊದಲು, ಗಿಡ್ಡನೆಯವು ಅನಂತರ ಎಂದು ನಿಘಂಟಿನ ಕ್ರಮವನ್ನು ಬದಲಿಸಿದೆವು. ಮಳೆ ಮಳೆಯಾಯಿತು, ಮನೆ ಮನೆಯಾಯಿತು. ಅಜ್ಜನಿಗೆ ಇದನ್ನು ವಿವರಿಸಬೇಕಾದೀತೆಂದು ಸಿದ್ಧಳಾಗಿ ಬಂದಿದ್ದ ಹುಡುಗಿಗೆ ಅಂದು ನಾವೇ ಉತ್ಸರ್ಗ ಮತ್ತು ಅಪವಾದಗಳ ಪಾಠ ಹೇಳಿದೆವು. ಹಳೆಯ ವಿದ್ಯೆ ಹೊಸ ವಿದ್ಯೆಗೆ ಅಡ್ಡಿಯಲ್ಲ, ಮೆಟ್ಟಿಲಾಗಬಲ್ಲದೆಂಬ ಧೈರ್ಯ ನಮಗೆ ಬಂದದ್ದು ಆ ದಿನ.

ಮತ್ತೊಂದು ತೊಡಕು ಅರ್ಕಾವೊತ್ತಿನದು. ‘ಕಾರ್ಯ’ ಎಂಬಲ್ಲಿ ಉಚ್ಚಾರಣೆಯಲ್ಲಿ ರಕಾರ ಮೊದಲು, ಯಕಾರ ಅನಂತರ. ಬರೆಯುವಾಗ ಮಾತ್ರ ಯಕಾರವನ್ನು ಬರೆದು ಅದರ ಮುಂದೆ ಅರ್ಕಾವೊತ್ತನ್ನು ಹಾಕುತ್ತೇವೆ. ಹಳೆಯ ಫಾಂಟು ಕಣ್ಣಿನ ಕ್ರಮವನ್ನು ಅನುಸರಿಸಿದರೆ, ಯೂನಿಕೋಡು ನಾಲಗೆಯ ಕ್ರಮವನ್ನು ಅನುಸರಿಸುತ್ತದೆ. ತುಂಡಿಗೆ ತುಂಡು ಬದಲಿಸಿದ್ದರಿಂದ ‘ಕಾರ್ಯ’ ಎಂಬುದು ‘ಕಾಯರ್’ ಎಂದಾಯಿತು. ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಇಂಥ ರೂಪಗಳನ್ನು ಓದುಗರು ಕಂಡಿರಬಹುದು; ಅಚ್ಚಿನ ದೋಷವೆಂದು ತಿಳಿದಿರಲೂಬಹುದು. ‘ಅರ್ಕಾವೊತ್ತು ಕಂಡರೆ ಹಿಂದಿನ ಪೂರ್ಣ ಅಕ್ಷರವನ್ನು ದಾಟಿ ಅದರ ಮೊದಲು ರಕಾರವನ್ನು ಇಡು’ ಎಂಬ ಷರತ್ತನ್ನು ಬರೆದ ಮೇಲೆ ಅದು ಸರಿಹೋಯಿತು. ‘ಹಳ್ಳಿ’ಯಂತಹ ಪದಗಳಲ್ಲಿ ಗುಡಿಸು ಮೊದಲು ಬಂದು ಒತ್ತು ಹಿಂದೆ ಉಳಿಯುತ್ತಿತ್ತು, ಅದಕ್ಕೂ ಇಂಥದೇ ಒಂದು ಷರತ್ತು ಬೇಕಾಯಿತು.

ಕೊನೆಗೆ ಅಕಾರಾದಿ ಜೋಡಣೆ. ‘ಸಾಲಾಗಿ ಜೋಡಿಸು’ ಎಂದರೆ ಗಣಕ ಕ್ಷಣಾರ್ಧದಲ್ಲಿ ಜೋಡಿಸಿತು, ಆದರೆ ‘ಕಳೆ’ ಎಂಬ ಪದವನ್ನು ‘ಕಸ’ಕ್ಕಿಂತ ಮೊದಲು ಇಟ್ಟಿತು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಅನಂತರ, ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳಿಗೆಲ್ಲ ಸಮಾನ ವಿನ್ಯಾಸವಿರಲೆಂದು ಅದನ್ನು ಲಕಾರದ ಪಕ್ಕದಲ್ಲಿಯೇ ಇರಿಸಿದ್ದಾರೆ. ಳಕಾರದ ಸಂಖ್ಯೆ 3251, ಸಕಾರದ್ದು 3256. ಗಣಕ ಸಂಖ್ಯೆಯನ್ನು ನೋಡಿ ಜೋಡಿಸಿತೇ ಹೊರತು ಕನ್ನಡ ನಿಘಂಟಿನ ಸಂಪ್ರದಾಯ ಅದಕ್ಕೆ ತಿಳಿಯದು. ನಮ್ಮ ವರ್ಣಮಾಲೆಯ ಕ್ರಮವನ್ನು ಒಂದು ಪಟ್ಟಿಯಾಗಿ ಬರೆದು, ಈ ಕ್ರಮದಂತೆ ಜೋಡಿಸೆಂದು ಹೇಳಬೇಕಾಯಿತು. ಹೇಳಿದಷ್ಟನ್ನೇ, ಹೇಳಿದಂತೆಯೇ ಮಾಡುವ ಈ ಸೇವಕನಿಗೆ ಏನು ಹೇಳಬೇಕೆಂಬುದನ್ನು ಭಾಷೆ ಬಲ್ಲವರೇ ತೀರ್ಮಾನಿಸಬೇಕು. ಆದುದರಿಂದಲೇ ಈ ವಿದ್ಯೆ ತಂತ್ರಜ್ಞರಿಗೆ ಮಾತ್ರ ಮೀಸಲಾಗಿರಬಾರದೆಂದು ನಾವು ಹೇಳುವುದು.

ನಮ್ಮದೇ ತಪ್ಪು

ನಡುವೆ ಒಂದು ಅನಾಹುತವನ್ನು ನಾವೇ ಮಾಡಿಕೊಂಡೆವು. ಹುಡುಗಿ ಊರಿನಲ್ಲಿಲ್ಲದ ದಿನ, ಕಕಾರದ ಕಡತವನ್ನು ಪರಿವರ್ತಿಸಲು ಹೊರಟು, ಫಲಿತಾಂಶವನ್ನು ಬರೆಯಬೇಕಾದ ಕಡತಕ್ಕೂ ಮೂಲ ಕಡತದ ಹೆಸರನ್ನೇ ಕೊಟ್ಟೆವು. ಗಣಕ ಮೂಲವನ್ನು ಅಳಿಸಿ, ಅದರ ಜಾಗದಲ್ಲಿ ಅರ್ಧಂಬರ್ಧ ಕನ್ನಡವನ್ನು ಬರೆದಿಟ್ಟಿತು. ಪದಕೋಶದಲ್ಲಿ ಎಲ್ಲಕ್ಕಿಂತ ದೊಡ್ಡ ಕಡತವದು. ಎರವಲು ತಂದ ಸಾಧನವನ್ನು ಆಗಲೇ ಹಿಂದಿರುಗಿಸಿದ್ದೆವು. ಹತ್ತೊಂಬತ್ತು ವರ್ಷದ ಹಳೆಯ ಸಿ.ಡಿ. ಮತ್ತೊಮ್ಮೆ ತೆರೆದೀತೆಂಬ ಭರವಸೆಯೂ ಇರಲಿಲ್ಲ. ಸಾಧನ ಮತ್ತೆ ಬರುವವರೆಗೆ ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಅದೃಷ್ಟವಶಾತ್ ಕಡತ ಮತ್ತೆ ಬಂದಿತು.

ಮೂಲವನ್ನು ಮುಟ್ಟಬಾರದು, ನಕಲಿನ ಮೇಲೆಯೇ ಕೆಲಸ ಮಾಡಬೇಕು. ಮುಖ್ಯವಾದ ಯಾವ ಕಡತಕ್ಕಾದರೂ ಮೂರು ಪ್ರತಿಗಳಿರಬೇಕು, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಬೇಕು. ಇದನ್ನು ಹುಡುಗಿ ಮೊದಲ ವಾರದಲ್ಲಿಯೇ ಹೇಳಿದ್ದಳು. ನಾವು ತಲೆಯಾಡಿಸಿ ಸುಮ್ಮನಾಗಿದ್ದೆವು. ಕ್ರಮವಿಧಿ ಬರೆಯಲು ಕಲಿಯದಿದ್ದರೂ ಚಿಂತೆಯಿಲ್ಲ, ಈ ಒಂದು ನಿಯಮವನ್ನು ಪ್ರತಿ ಮನೆಯವರೂ ಪಾಲಿಸಬೇಕು.

ಕಲಿಯುವವರಿಗೂ ಕಲಿಸುವವರಿಗೂ

ಅನುಭವದಿಂದ ತಿಳಿದ ಕೆಲವು ಮಾತುಗಳನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಆಗಬೇಕು. ಕಲಿತದ್ದನ್ನು ಒಂದು ನೋಟುಬುಕ್ಕಿನಲ್ಲಿ ಸ್ವಂತ ಮಾತಿನಲ್ಲಿ ಬರೆದುಕೊಳ್ಳಬೇಕು. ಸ್ವಂತದ್ದಾದ ಒಂದು ಕೆಲಸವನ್ನು ಮುಂದಿಟ್ಟುಕೊಳ್ಳಬೇಕು. ಮನೆಯ ಖರ್ಚಿನ ಲೆಕ್ಕ, ಹೊಲದ ಬೆಳೆಯ ಲೆಕ್ಕ, ತಾಯಿಯವರು ಹಾಡುತ್ತಿದ್ದ ಹಾಡುಗಳ ಪಟ್ಟಿ, ಯಾವುದಾದರೂ ಆದೀತು. ಕಾರಣವಿಲ್ಲದ ಕಲಿಕೆ ಈ ವಯಸ್ಸಿನಲ್ಲಿ ನಿಲ್ಲುವುದಿಲ್ಲ. ಕಲಿಸ ಹೇಳುವವರು ಮನೆಯಲ್ಲಿಲ್ಲದಿದ್ದರೆ ಮುಂಬಯಿಯ ಐ.ಐ.ಟಿ. ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ನಾವು ಬರೆದಂತಹ ಪರಿವರ್ತಕವನ್ನು ಬಲ್ಲವರು ನಮಗಿಂತ ಚೆನ್ನಾಗಿ ಎಂದೋ ಬರೆದಿಟ್ಟಿದ್ದಾರೆ. ನಮ್ಮ ಕೆಲಸ ಮುಗಿದ ಮೇಲೆ ಅದರೊಂದಿಗೆ ಹೋಲಿಸಿ ನೋಡಿ, ಉಳಿದ ತಪ್ಪುಗಳನ್ನು ತಿದ್ದಿಕೊಂಡೆವು. ಪರರ ಸಾಧನವನ್ನು ಬಳಸುವುದು ತಪ್ಪಲ್ಲ, ಅದು ಏನು ಮಾಡುತ್ತದೆಂದು ತಿಳಿಯದೆ ಬಳಸುವುದು ಅಪಾಯ.

ಹಣದ ವಿಷಯದಲ್ಲಿಯೂ ಇದೇ ಮಾತು. ದೂರವಾಣಿಯಲ್ಲಿ ಬರುವ ಗುಪ್ತಸಂಖ್ಯೆಯನ್ನು, ಅಂದರೆ ಓ.ಟಿ.ಪಿ.ಯನ್ನು, ಬ್ಯಾಂಕಿನವರೆಂದು ಹೇಳಿಕೊಂಡು ಯಾರೇ ಕೇಳಿದರೂ ಹೇಳಕೂಡದು. ಮೋಸವಾಯಿತೆಂದು ಗೊತ್ತಾದೊಡನೆ 1930 ಎಂಬ ಸಂಖ್ಯೆಗೆ ದೂರು ಕೊಡಬೇಕು. ಸಂಕೋಚದಿಂದ ಮುಚ್ಚಿಟ್ಟರೆ ಹಣ ಮರಳಿ ಬರುವ ಅವಕಾಶ ಗಂಟೆಗಂಟೆಗೂ ಕಡಿಮೆಯಾಗುತ್ತದೆ.

ಕಿರಿಯರಿಗೆ ಒಂದೇ ವಿನಂತಿ. ಹಿರಿಯರು ತಡಮಾಡಿದರೆಂದು ಅವರ ಕೈಯಿಂದ ಮೌಸನ್ನು ಕಸಿದುಕೊಂಡು ನೀವೇ ಮಾಡಿ ಮುಗಿಸಬೇಡಿರಿ. ಆ ಹುಡುಗಿ ಮೂರು ತಿಂಗಳಲ್ಲಿ ಒಂದು ದಿನವೂ ನಮ್ಮ ಕೀಲಿಮಣೆಯನ್ನು ಮುಟ್ಟಲಿಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತು ಬಾಯಿಯಿಂದಲೇ ಹೇಳಿದಳು. ಅವಳು ನಮಗೆ ಕೊಟ್ಟ ವಿದ್ಯೆಯಲ್ಲಿ ಅರ್ಧ ಭಾಗ ಆ ತಾಳ್ಮೆಯೇ ಆಗಿದೆ.

ಹಕಾರದ ಕಡತ

ಮೂರು ತಿಂಗಳೆಂದದ್ದು ಐದು ತಿಂಗಳಾಯಿತು. ಅಕಾರದಿಂದ ಸಕಾರದವರೆಗೆ ಗುರುಗಳ ಪದಕೋಶವೆಲ್ಲ ಇಂದಿನ ಕನ್ನಡದಲ್ಲಿ ಮರಳಿ ಬಂದಿತು. ಬಾರದೆ ಉಳಿದದ್ದು ಮೊದಲೇ ಹೇಳಿದ ಒಂದು ಕಡತ, ಅದು ಹಕಾರದ್ದು. ಸಿ.ಡಿ.ಯ ಮೇಲೆ ಬರವಣಿಗೆ ನಡುವಿನಿಂದ ಹೊರಟು ಅಂಚಿನ ಕಡೆಗೆ ಸಾಗುತ್ತದಂತೆ. ಕೊನೆಯ ಅಕ್ಷರವಾದ ಹಕಾರ ಎಲ್ಲಕ್ಕಿಂತ ಹೊರಗಿನ ಅಂಚಿನಲ್ಲಿತ್ತು, ನಮ್ಮ ಕೈ ತಗುಲಿ ಗೀಚುಬಿದ್ದದ್ದೂ ಅಲ್ಲಿಯೇ. ಹುಡುಗಿ ಬಲ್ಲ ಉಪಾಯಗಳನ್ನೆಲ್ಲ ಮಾಡಿದಳು, ಫಲವಾಗಲಿಲ್ಲ. ಇಲ್ಲದ ಅಕ್ಷರವನ್ನು ಯಾವ ಕ್ರಮವಿಧಿಯೂ ತಂದುಕೊಡಲಾರದು.

ಆದುದರಿಂದ ಗುರುಗಳು ತಿರುಗಿದ ಹಳ್ಳಿಗಳನ್ನೇ ನಾವು ಈಗ ತಿರುಗುತ್ತಿದ್ದೇವೆ. ಅವರಿಗೆ ಮಾತು ಹೇಳಿದವರಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ಹಂತಿ, ಹಗೇವು, ಹರಗು, ಹೊಡೆ ಎಂದು ಅವರ ನೆನಪಿಗೆ ಬಂದಷ್ಟನ್ನು ಕೇಳಿ, ಸಂಜೆ ಮನೆಗೆ ಬಂದು ನಮ್ಮ ಕೈಯಿಂದಲೇ ಟೈಪು ಮಾಡಿ, ಮೂರು ಪ್ರತಿ ತೆಗೆದಿರಿಸುತ್ತೇವೆ. ಇಂದಿಗೆ ನೂರ ನಲವತ್ತು ಪದಗಳಾಗಿವೆ. ಗುರುಗಳ ಚೀಟಿಗಳಲ್ಲಿ ಎಷ್ಟಿದ್ದವೆಂಬುದು ನಮಗೆ ನೆನಪಿಲ್ಲ. ಓದುಗರ ಮನೆಗಳಲ್ಲಿ ಒಕ್ಕಲುತನ ಮಾಡಿದ ಹಿರಿಯರಿದ್ದರೆ, ಅವರನ್ನು ಕೂರಿಸಿಕೊಂಡು ಆ ಮಾತುಗಳನ್ನು ಇಂದೇ ಬರೆದುಕೊಳ್ಳಿರಿ. ಕಾಗದದ ಮೇಲಾದರೂ ಸರಿ, ಗಣಕದಲ್ಲಾದರೂ ಸರಿ. ಬರೆದದ್ದನ್ನು ನಾಳೆ ತೆರೆದು ಓದಲು ನಿಮಗೇ ಬರುವಂತಿರಲಿ.